ಕುದುರೆಯ ಹರ್ಪಿಸ್: ಕಾವಲುಗಾರನ ಹೆಗಲೇರುವ ವೈರಾಣು

ಧುಪದಾಳ, ಘಟಪ್ರಭಾ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಲಿನ ಊರುಗಳಲ್ಲಿ ಟಾಂಗಾ ಮರೆಯಾದರೂ ಕುದುರೆ ಮರೆಯಾಗಿಲ್ಲ. ಜಾತ್ರೆಗಳಲ್ಲಿ ಕುದುರೆಗಾಡಿಯ ಶರ್ಯತ್ತು ಇಂದಿಗೂ ಜನರನ್ನು ಸೆಳೆಯುತ್ತದೆ; ಹಿಂಡಿನೊಡನೆ ಸಂಚರಿಸುವ ಕುರಿಗಾರರ ಹೇರನ್ನು ಕುದುರೆಗಳೇ ಹೊರುತ್ತವೆ. ಇತ್ತೀಚೆಗೆ ಶ್ರೀಮಠಕ್ಕೆ ಬಂದಿದ್ದ ಭಕ್ತರೊಬ್ಬರು ನಮ್ಮಲ್ಲಿ ನೋವು ತೋಡಿಕೊಂಡರು: “ಒಂಬತ್ತ ತಿಂಗಳ ಗಬ್ಬದ ಕುದರಿ, ಮುಂಜಾನಿ ನೋಡೂದ್ರಾಗ ಕಂದ ಹಾಕಿತ್ರಿ. ಜಡ್ಡಿನ ಗುರ್ತ ಏನೂ ಇರಲಿಲ್ಲ. ದೃಷ್ಟಿ ಆಗೇತಿ ಅಂತಾರ.”

ಪರೀಕ್ಷೆ ಮಾಡಿಸದೆ ಕಾರಣವನ್ನು ಖಚಿತವಾಗಿ ಹೇಳಲಾಗದು. ಆದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ, ಮುನ್ಸೂಚನೆಯಿಲ್ಲದೆ ಕುದುರೆ ಕಂದು ಹಾಕಿದರೆ ಪಶುವೈದ್ಯರು ಮೊದಲು ಶಂಕಿಸುವ ಕಾರಣಗಳಲ್ಲಿ ಕುದುರೆಯ ಹರ್ಪಿಸ್ ವೈರಾಣು ಒಂದು. ಇದರಲ್ಲಿ ಹಲವು ಬಗೆಗಳಿದ್ದು, ಹೆಚ್ಚು ಕಾಡುವವು ಒಂದನೆಯ ಮತ್ತು ನಾಲ್ಕನೆಯ ಬಗೆಗಳು. ನಾಲ್ಕನೆಯದು ಬಹುಮಟ್ಟಿಗೆ ಮರಿಗಳ ನೆಗಡಿ, ಜ್ವರಗಳಲ್ಲಿ ಮುಗಿಯುತ್ತದೆ. ಒಂದನೆಯದು ಗರ್ಭವನ್ನು ಕಳೆಯಬಲ್ಲದು. ಕೆಲವೊಮ್ಮೆ ಬೆನ್ನುಹುರಿಗೆ ಹಾನಿ ಮಾಡಿ, ಓಡುವ ಕುದುರೆಯನ್ನು ಹಿಂಗಾಲು ಎಳೆಯುವಂತೆ ಮಾಡಬಲ್ಲದು.

ಈ ವೈರಾಣು ಒಳಹೋಗುವುದು ಮೂಗಿನಿಂದ. ಅಲ್ಲಿ ದೇಹವು ಹುಟ್ಟಿನಿಂದಲೇ ಕಟ್ಟಿಕೊಂಡ ಕಾವಲಿದೆ. ಇದಕ್ಕೆ ಸಹಜ ರೋಗನಿರೋಧಕ ಶಕ್ತಿಯೆನ್ನುತ್ತಾರೆ. ಲೋಳೆಯು ವೈರಾಣುವನ್ನು ಹಿಡಿಯುತ್ತದೆ, ಸೂಕ್ಷ್ಮ ರೋಮಗಳು ಅದನ್ನು ಹೊರಕ್ಕೆ ತಳ್ಳುತ್ತವೆ. ಇದನ್ನೂ ದಾಟಿ ವೈರಾಣು ಜೀವಕೋಶವನ್ನು ಹೊಕ್ಕರೆ, ಆ ಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ನಮ್ಮ ಹೊಲಗಳಲ್ಲಿ ರಾತ್ರಿ ಒಬ್ಬ ಕಾವಲುಗಾರ ಕೂಗು ಹಾಕಿದರೆ ಪಕ್ಕದ ಹೊಲದವನು ಕೋಲು ಹಿಡಿದು ಏಳುವಂತೆ. ಈ ಪ್ರೋಟೀನನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬ ವಿಜ್ಞಾನಿಗಳು ಗುರುತಿಸಿದರು. ಜ್ವರವೂ ಈ ಕಾವಲಿನ ಒಂದು ಅಂಗವೇ.

ವೈರಾಣು ಮಾಡುವುದು ಈ ಕೂಗನ್ನೇ ಅಡಗಿಸುವ ಕೆಲಸ. ಆರಂಭದಲ್ಲಿ ಇಂಟರ್‌ಫೆರಾನ್ ಹುಟ್ಟಿದರೂ, ಕೆಲವು ಗಂಟೆಗಳಲ್ಲಿ ಒಂದನೆಯ ಬಗೆಯ ವೈರಾಣು ಅದರ ಉತ್ಪತ್ತಿಯನ್ನು ತಗ್ಗಿಸುತ್ತದೆ. ಸಂದೇಶವನ್ನು ಕೋಶದ ಒಳಗೆ ಸಾಗಿಸುವ ಪ್ರೋಟೀನುಗಳನ್ನೂ ಕುಗ್ಗಿಸುತ್ತದೆ. ಬಿಳಿ ರಕ್ತಕಣಗಳನ್ನು ಕರೆಯುವ ರಾಸಾಯನಿಕ ಸಂಕೇತಗಳಿಗೆ ಅಂಟಿಕೊಂಡು ಅವನ್ನು ಕೆಡಿಸುವ ಪ್ರೋಟೀನೊಂದೂ ಅದರಲ್ಲಿದೆ. ಇದಕ್ಕಿಂತ ಸೋಜಿಗವಾದದ್ದು ಮುಂದಿನ ಹೆಜ್ಜೆ. ಮೂಗಿನ ಒಳಪದರದ ಕೆಳಗಿನ ಗಟ್ಟಿ ಪೊರೆಯನ್ನು ತಾನಾಗಿ ದಾಟಲಾರದ ಈ ವೈರಾಣು, ತನ್ನನ್ನು ಹಿಡಿಯಲು ಬಂದ ಬಿಳಿಕಣಗಳನ್ನೇ ಹೊಕ್ಕು, ಅವುಗಳ ಸವಾರಿಯಲ್ಲಿ ರಕ್ತಕ್ಕೆ ಇಳಿಯುತ್ತದೆ. ಕಾವಲುಗಾರನ ಹೆಗಲೇರಿಯೇ ಕಳ್ಳನು ಮನೆಯೊಳಗೆ ಬಂದಂತಾಯಿತು. ಹೀಗೆ ಗರ್ಭಕೋಶದ ಮತ್ತು ಬೆನ್ನುಹುರಿಯ ಸಣ್ಣ ರಕ್ತನಾಳಗಳನ್ನು ತಲುಪಿ, ಅಲ್ಲಿ ಉರಿಯೂತ ಎಬ್ಬಿಸಿ, ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತದೆ. ಒಳಗಿನ ಮರಿಗೆ ಪೋಷಣೆ ನಿಲ್ಲುತ್ತದೆ.

ರೋಗ ವಾಸಿಯಾದರೂ ವೈರಾಣು ತೊಲಗುವುದಿಲ್ಲ. ಮುಖದ ನರಗಂಟಿನಲ್ಲಿ, ಕೆಲವು ಬಿಳಿಕಣಗಳಲ್ಲಿ ಅದು ನಿದ್ರಿಸುತ್ತದೆ. ಮನುಷ್ಯರಲ್ಲಿ ಬಾಲ್ಯದ ಸೀತಾಳೆ ಸಿಡುಬಿನ ವೈರಾಣು ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳುವುದನ್ನು ನಮ್ಮ ಭಕ್ತರಲ್ಲಿ ಅನೇಕರು ಅನುಭವಿಸಿದ್ದಾರೆ. ಅದೂ ಇದೇ ಹರ್ಪಿಸ್ ಕುಲದ್ದು. ಕುದುರೆಯ ವೈರಾಣು ಮಾತ್ರ ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ. ದೂರದ ಪ್ರಯಾಣ, ಹೊಸ ಜಾಗ, ಅತಿಯಾದ ಓಟ, ಮರಿಯನ್ನು ತಾಯಿಯಿಂದ ಬಿಡಿಸುವುದು ಮೊದಲಾದ ಬಳಲಿಕೆಗಳು ನಿದ್ರಿಸುವ ವೈರಾಣುವನ್ನು ಎಬ್ಬಿಸಬಲ್ಲವು. ಸ್ಟಿರಾಯ್ಡ್ ಚುಚ್ಚುಮದ್ದೂ ಹಾಗೆಯೇ. ಆದ್ದರಿಂದ ಶರ್ಯತ್ತಿನ ಮುಂಚೆ ಯಾರದೋ ಮಾತು ಕೇಳಿ ಕುದುರೆಗೆ ಚುಚ್ಚಿಸುವ ಪದ್ಧತಿ ನಮಗೆ ಕಿಂಚಿತ್ತೂ ಒಪ್ಪಿಗೆಯಿಲ್ಲ. ಕಾವಲುಗಾರನನ್ನು ನಾವೇ ಮಲಗಿಸಿದಂತಾಗುತ್ತದೆ. 2021ರಲ್ಲಿ ಸ್ಪೇನ್ ದೇಶದ ವಲೆನ್ಸಿಯಾದಲ್ಲಿ ಸ್ಪರ್ಧೆಗೆ ನೆರೆದ ಕುದುರೆಗಳಲ್ಲಿ ಈ ರೋಗ ಹಬ್ಬಿ, ಯುರೋಪಿನ ಅನೇಕ ದೇಶಗಳಲ್ಲಿ ಪಂದ್ಯಗಳನ್ನೇ ನಿಲ್ಲಿಸಬೇಕಾಯಿತು. ನಮ್ಮ ಜಾತ್ರೆಯ ಬಯಲೂ ಹಲವು ಊರುಗಳ ಕುದುರೆಗಳು ಮೂಗಿಗೆ ಮೂಗು ತಾಗಿಸುವ ಜಾಗವೇ ಅಲ್ಲವೆ?

ಲಸಿಕೆಯಿದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಒಂದನೆಯ ಬಗೆಗೆ ನಿಷ್ಕ್ರಿಯ ವೈರಾಣುವಿನ ಲಸಿಕೆಯನ್ನು ರೂಪಿಸಿದೆ. ಗಬ್ಬದ ಕುದುರೆಗಳಿಗೆ ಸಾಮಾನ್ಯವಾಗಿ ಐದು, ಏಳು ಮತ್ತು ಒಂಬತ್ತನೆಯ ತಿಂಗಳುಗಳಲ್ಲಿ ಲಸಿಕೆ ಕೊಡುವ ಪದ್ಧತಿಯಿದೆ. ನಿಮ್ಮ ಪಶುವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಲಸಿಕೆ ಹಾಕಿಸಿದರೂ ಅಪಾಯ ತಗ್ಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ, ನರದ ರೋಗವನ್ನು ಅದು ಖಚಿತವಾಗಿ ತಡೆಯುವುದೂ ಇಲ್ಲ.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಕುದುರೆಯ ದೇಹದ ಶಾಖ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ಓಟಕ್ಕೆ ಒಯ್ಯಬೇಡಿ, ಪಶುವೈದ್ಯರನ್ನು ಕರೆಸಿರಿ. ಹೊರಗಿನಿಂದ ತಂದ ಕುದುರೆಯನ್ನು ಮೂರು ವಾರ ಬೇರೆ ಕಟ್ಟಿ, ಅದರ ಬಕೆಟ್ಟು, ಕಡಿವಾಣಗಳನ್ನು ಬೇರೆ ಕುದುರೆಗೆ ಬಳಸದಿರಿ. ಸಾಬೂನು ಈ ವೈರಾಣುವಿನ ಹೊರಕವಚವನ್ನು ಕೆಡಿಸುವುದರಿಂದ ಕೈತೊಳೆಯುವುದೂ ಚಿಕಿತ್ಸೆಯಷ್ಟೇ ಬೆಲೆಯುಳ್ಳದ್ದು. ಕಂದು ಹಾಕಿದ ಮರಿಯನ್ನು, ಮಾಸನ್ನು ನಾಯಿಗಳಿಗೆ ಬಿಡದೆ, ಹೊಳೆಗೆ ಎಸೆಯದೆ, ಮುಚ್ಚಿಟ್ಟು ವೈದ್ಯರಿಗೆ ತೋರಿಸಬೇಕು. ಕಾರಣ ತಿಳಿಯುವುದು ಅದರ ಪರೀಕ್ಷೆಯಿಂದಲೇ. ನಮ್ಮನ್ನು ಕೇಳಿದ ಭಕ್ತರು ಅದನ್ನು ಆಗಲೇ ಹೂಳಿದ್ದರು. ಉಳಿದ ಎರಡು ಕುದುರೆಗಳನ್ನು ಬೇರೆ ಬೇರೆ ಕಟ್ಟಿ, ದಿನಕ್ಕೆರಡು ಸಲ ಜ್ವರ ನೋಡಲು ಈಗ ಆರಂಭಿಸಿದ್ದಾರೆ.