ಗೋಡೆಯ ಸಾರಣೆಯೂ ನೀರಿನ ದಾರಿಯೂ

ಮಳೆಗಾಲವು ತೀರಿ ಅಕ್ಟೋಬರ್ ತಿಂಗಳಿನ ಬಿಸಿಲು ಬೀಳತೊಡಗಿದಾಗ ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಮನೆಯಿಂದ ಮನೆಗೆ ಹೋಗುವವರು ಎಲ್ಲೆಲ್ಲಿಯೂ ಹೆಚ್ಚುಕಡಿಮೆ ಒಂದೇ ನೋಟವನ್ನು ಕಾಣುವರು. ಚಾವಡಿಯ ಮೂಲೆಯಲ್ಲಿ ಕಪ್ಪು ಕಲೆ. ಅಡಿಗೆಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಹಪ್ಪಳದಂತೆ ಎದ್ದ ಸುಣ್ಣ. ಮಲಗುವ ಕೋಣೆಯ ತಾರಸಿಯ ಅಡಿಯಲ್ಲಿ ತಟ್ಟೆಯಷ್ಟು ಅಗಲಕ್ಕೆ ಸಾರಣೆಯು ಉದುರಿ ಒಳಗಿನ ಕಬ್ಬಿಣವು ಹೊರಗೆ ಬಿದ್ದಿರುವದು. ಮನೆಯವರು ನಾಚಿಕೊಂಡು ಆ ಕಲೆಯ ಮೇಲೆ ಒಂದು ಕ್ಯಾಲೆಂಡರನ್ನು ತೂಗಹಾಕುವರು. ಬೇಸಿಗೆಯಲ್ಲಿ ಒಂದು ಚೀಲ ಸಿಮೆಂಟನ್ನು ತಂದು ತೇಪೆ ಹಾಕಿಸುವರು. ಮುಂದಿನ ಆಟಿಯಲ್ಲಿ ಅದೇ ತೇಪೆಯು ಅದೇ ಸ್ಥಳದಲ್ಲಿ ಬೀಳುವದು. ಹೀಗೆ ದಿನಗೂಲಿಯವರ ಹಣವು ಸಹ ವರುಷವರುಷವೂ ಗೋಡೆಯೊಳಗೆ ಕರಗಿಹೋಗುತ್ತದೆ. ನಾವೂ ಹಾಗೆಯೇ ಕಳಕೊಂಡವರಾದದರಿಂದ ಈ ಪಾಠವನ್ನು ಬರೆಯುತ್ತೇವೆ.

ನಾವು ವಾಸಿಸುವ ಮನೆಯು ಮುರಕಲ್ಲಿನಿಂದ ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಹಂಚಿನ ಮನೆ. ಅದರ ನೈರುತ್ಯ ಮೂಲೆಯಲ್ಲಿ ಸಾರಣೆಯು ಉಬ್ಬಿದ್ದನ್ನು ಕಂಡು ನಾವು ಒಂದು ಮೇ ತಿಂಗಳಲ್ಲಿ ಸಿಮೆಂಟಿನಿಂದ ಚೊಕ್ಕವಾಗಿ ಸಾರಣೆ ಮಾಡಿಸಿದೆವು. ಆಗಸ್ಟಿನಲ್ಲಿ ಅದು ಒಂದೇ ಹಲಗೆಯಾಗಿ ಕಳಚಿ ಬಿತ್ತು. ಬೀಳುವಾಗ ಗೋಡೆಯ ಹಳೆಯ ಮಣ್ಣನ್ನು ಸಹ ಎಳಕೊಂಡು ಬಿತ್ತು. ಎರಡನೆಯ ವರುಷ ನೀರು ತಡೆಯುವ ಪುಡಿಯನ್ನು ಕೂಡಿಸಿ ಇನ್ನೂ ದಪ್ಪವಾಗಿ ಮಾಡಿಸಿದೆವು. ಆ ಸಾರಣೆಯು ಬೀಳಲಿಲ್ಲ, ಆದರೆ ಕಲೆಯು ಅದರ ಸುತ್ತಲೂ ಹಬ್ಬಿ ಎರಡು ಪಾಲಾಯಿತು. ಮೂರನೆಯ ಸಾರಿ ಬಂದ ವೃದ್ಧ ಮೇಸ್ತ್ರಿಯವರು ಗೋಡೆಯನ್ನು ಮುಟ್ಟಲೇ ಇಲ್ಲ. "ಗೋಡೆಗೆ ಏನೂ ಆದದ್ದಲ್ಲ ಸ್ವಾಮೀ, ಮಾಡಿಗೆ ಆದದ್ದು. ಮೊದಲು ಒಂದು ಏಣಿ ಕೊಡಿ" ಅಂದರು. ಮೇಲೆ ಹೋಗಿ ನೋಡಲಾಗಿ, ಎರಡು ಮಾಡುಗಳು ಕೂಡುವ ಮೂಲೆಯ ತಗಡಿನಲ್ಲಿ ಹಲಸಿನ ತರಗೆಲೆಗಳು ಕೊಳೆತು ಕಟ್ಟೆಯಂತಾಗಿದ್ದವು. ಮಳೆಯ ನೀರೆಲ್ಲಾ ಹಂಚಿನ ಅಡಿಗೆ ಹೊಕ್ಕು ಪಕ್ಕಾಸಿನ ಮೇಲಿನಿಂದ ಹರಿದು ಗೋಡೆಯ ತಲೆಯೊಳಗೆ ಇಳಿಯುತ್ತಿತ್ತು. ತರಗೆಲೆ ತೆಗೆಯುವದಕ್ಕೆ ಕಾಲು ಗಂಟೆ ಸಾಕಾಯಿತು.

ಇದರ ಕಾರಣವನ್ನು ಅರಿಯಬೇಕಾದರೆ ನಮ್ಮ ಗೋಡೆಗಳ ಸ್ವಭಾವವನ್ನು ಮೊದಲು ತಿಳಿಯಬೇಕು. ಮುರಕಲ್ಲು ನೆಲದೊಳಗಿರುವಾಗ ಮೃದುವಾಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂಬ ಹೆಸರನ್ನಿಟ್ಟು ೧೮೦೭ರಲ್ಲಿ ತನ್ನ ಪ್ರವಾಸದ ಪುಸ್ತಕದಲ್ಲಿ ಪ್ರಕಟಿಸಿದನು. ಈ ಕಲ್ಲಿನ ಮೈಯೆಲ್ಲಾ ತೂತು. ಅದು ನೀರನ್ನು ಬಟ್ಟೆಯಂತೆ ಹೀರುವದು, ಬಿಸಿಲು ಬಂದಾಗ ಮೆಲ್ಲಗೆ ಬಿಡುವದು. ಘಟ್ಟದ ಬುಡದಲ್ಲಿರುವ ನಮ್ಮ ಸೀಮೆಯಲ್ಲಿ ವರುಷಕ್ಕೆ ಸುಮಾರು ೪,೦೦೦ ಮಿಲ್ಲಿಮೀಟರು ಮಳೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸಪ್ಟಂಬರದ ವರೆಗೆ ನಾಲ್ಕು ತಿಂಗಳಲ್ಲಿ ಸುರಿಯುವದು. ಇಂಥಾ ದೇಶದಲ್ಲಿ ಗೋಡೆಗೆ ನೀರು ಸೋಕದಂತೆ ಮಾಡುವದು ಅಸಾಧ್ಯವೆಂದು ಹಿರಿಯರು ಬಲ್ಲವರಾಗಿ, ಮಾಡಿನ ಸೂರನ್ನು ಗೋಡೆಯಿಂದ ಬಹು ದೂರಕ್ಕೆ ಚಾಚಿ, ಒಳಹೊಕ್ಕ ನೀರು ಹೊರಗೆ ಹೋಗುವ ಹಾಗೆ ಸುಣ್ಣದಿಂದಲೂ ಮಣ್ಣಿನಿಂದಲೂ ಸಾರಣೆ ಮಾಡುತ್ತಿದ್ದರು.

ಸುಣ್ಣದ ಕೆಲಸವು ಹೀಗಿರುತ್ತದೆ. ಸುಣ್ಣದ ಕಲ್ಲನ್ನಾಗಲಿ ನಮ್ಮ ಕರಾವಳಿಯ ಚಿಪ್ಪನ್ನಾಗಲಿ ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಅಂಗಾರಾಮ್ಲ ವಾಯುವು ಹೊರಟುಹೋಗುವದು. ಸುಟ್ಟದ್ದಕ್ಕೆ ನೀರನ್ನು ಹಾಕಿದಾಗ ಅದು ಕುದಿದು ಅರಳಿ ಸುಣ್ಣವಾಗುವದು. ಆ ಸುಣ್ಣವನ್ನು ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ತಿರಿಗಿ ತಕ್ಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಕಲ್ಲಾಗುವದು. ಕಲ್ಲಾದ ಮೇಲೆಯೂ ನೀರಿನ ಆವಿಯು ಅದರ ಮೂಲಕ ದಾಟಬಲ್ಲದು. ಗೋಡೆ ಒಂದಿಷ್ಟು ಅಲುಗಿದರೆ ಅದೂ ಒಂದಿಷ್ಟು ಬಾಗುವದು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನನು ೧೮೨೪ರಲ್ಲಿ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟಾದರೋ ಬೇಗನೆ ಬಿಗಿಯುವ ಗಟ್ಟಿ ಪದಾರ್ಥ. ಸಿಮೆಂಟಿನಲ್ಲಿಯೇ ಕಟ್ಟಿದ ಈಗಿನ ಗೋಡೆಗಳಿಗೆ ಸಿಮೆಂಟಿನ ಸಾರಣೆಯೇ ಯೋಗ್ಯ. ಆದರೆ ಮಣ್ಣಿನ ಗಾರೆಯ ಹಳೆಯ ಗೋಡೆಗೆ ಅದನ್ನು ಬಳಿಯುವದು ಬೆವರುವ ಮೈಗೆ ಎಣ್ಣೆಬಟ್ಟೆ ಸುತ್ತಿದಂತೆ. ಒಳಗಿನ ನೀರು ಹೊರಬರಲಾರದೆ ಅಲ್ಲಿಯೇ ನಿಂತು ಮಣ್ಣನ್ನು ಸಡಿಲಿಸುವದು, ಉಪ್ಪನ್ನು ಕೂಡಿಸುವದು. ಕಡೆಗೆ ಗಟ್ಟಿ ಸಿಪ್ಪೆಯು ಮೆತ್ತಗಿನ ಮೈಯಿಂದ ಕಳಚಿಕೊಳ್ಳುವದು. ನಮ್ಮ ಮೂಲೆಯಲ್ಲಿ ಆದದ್ದು ಇದೇ.

ಆದದರಿಂದ ಕರಣೆಯನ್ನು ಹಿಡಿಯುವ ಮೊದಲು ನೀರು ಬರುವ ದಾರಿಯನ್ನು ಹುಡುಕತಕ್ಕದ್ದು. ಮಳೆ ಸುರಿಯುತ್ತಿರುವಾಗಲೇ ಹುಡುಕುವದು ಒಳ್ಳೇದು. ಬೇಸಿಗೆಯಲ್ಲಿ ಗೋಡೆಯು ಸುಳ್ಳು ಹೇಳುವದು. ಕಲೆಯು ಮೇಲಿನಿಂದ ಕೆಳಗೆ ನಾಲಿಗೆಯಂತೆ ಇಳಿದಿದ್ದರೆ ಹಂಚನ್ನೂ ತಗಡನ್ನೂ ನೋಡಬೇಕು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಡ್ಡಗೆರೆ ಎಳೆದ ಹಾಗೆ ಇದ್ದು ಬಿಳಿ ಉಪ್ಪು ಹೂವಿನಂತೆ ಅರಳಿದ್ದರೆ ನೀರು ತಳದಿಂದ ಏರುತ್ತದೆ. ಇಂಥಾ ಮನೆಗಳಲ್ಲಿ ಹೊರಗಿನ ಅಂಗಳದ ಮಣ್ಣು ವರುಷದಿಂದ ವರುಷಕ್ಕೆ ಏರಿ ಪಂಚಾಂಗದ ಕಲ್ಲನ್ನು ಮುಚ್ಚಿರುವದನ್ನು ನಾವು ಅನೇಕ ಸಾರಿ ಕಂಡಿದ್ದೇವೆ. ಆ ಮಣ್ಣನ್ನು ಒಳನೆಲಕ್ಕಿಂತ ಒಂದು ಅಡಿಯಾದರೂ ಕೆಳಗಾಗುವಂತೆ ಕಡಿದು, ಸೂರಿನ ನೀರು ಬೀಳುವಲ್ಲಿ ಒಂದು ಚರಂಡಿಯನ್ನು ತೋಡಿದರೆ ಅರ್ಧ ರೋಗವು ವಾಸಿಯಾಗುವದು. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಮಾತ್ರ ಕಲೆಯಿದ್ದು ಅದು ಬೇಸಿಗೆಯಲ್ಲಿಯೂ ಆರದಿದ್ದರೆ ನಳದ ಮೇಲೆ ಸಂಶಯಪಡತಕ್ಕದ್ದು.

ಕೋಣೆಯೊಳಗಿನ ಅಡಿಗೆಯ ಹಬೆಯಿಂದ ಗೋಡೆಯು ಬೆವರುತ್ತದೋ ಗೋಡೆಯೊಳಗಿನಿಂದಲೇ ನೀರು ಬರುತ್ತದೋ ಎಂದು ತಿಳಿಯದಿದ್ದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲೆ ನಾಲ್ಕು ಅಂಚುಗಳಲ್ಲಿಯೂ ಅಂಟಿಸಿ ಎರಡು ದಿವಸ ಬಿಡಬೇಕು. ಹಾಳೆಯ ಹೊರಮೈ ಒದ್ದೆಯಾದರೆ ಅದು ಹಬೆ. ಕಿಟಕಿ ತೆರೆದಿಟ್ಟರೆ ಕಡಿಮೆಯಾಗುವದು. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಲ್ಲಿದೆ.

ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಇಂಥಾ ತಾಳ್ಮೆಯನ್ನು ವಿಧಿಸಿದೆಯೆಂಬದು ವಾಚಕರ ಜ್ಞಾಪಕದಲ್ಲಿರಬಹುದು. ಯಾಜಕಕಾಂಡದ ೧೪ನೆಯ ಅಧ್ಯಾಯದ ಪ್ರಕಾರ ಗೋಡೆಯಲ್ಲಿ ಹಸುರು ಅಥವಾ ಕೆಂಪು ಗುಳಿಗಳು ಕಂಡರೆ ಮನೆಯ ಸಾಮಾನುಗಳನ್ನೆಲ್ಲಾ ಮೊದಲು ಹೊರಗೆ ಹಾಕಿಸಿ, ಮನೆಯನ್ನು ಏಳು ದಿವಸ ಮುಚ್ಚಿ, ಕಲೆಯು ಹಬ್ಬಿತೋ ಎಂದು ತಿರಿಗಿ ಪರೀಕ್ಷಿಸಬೇಕು. ಹಬ್ಬಿದ್ದರೆ ಮಾತ್ರ ಆ ಕಲ್ಲುಗಳನ್ನು ಕೀಳಿಸಿ, ಸುತ್ತಲಿನ ಗಾರೆಯನ್ನು ಕೆರೆಯಿಸಿ, ಬೇರೆ ಕಲ್ಲು ಬೇರೆ ಗಾರೆಗಳಿಂದ ಸರಿಮಾಡಬೇಕು. ನಮ್ಮಲ್ಲಿಯೋ ಈಗ ನೋಡಿದ ಸಂಜೆಗೇ ಅಂಗಡಿಯಿಂದ ಪುಟ್ಟಿಯ ಡಬ್ಬವು ಬರುವದು!

ನೀರಿನ ದಾರಿಯನ್ನು ಮುಚ್ಚಿದ ಮೇಲೆ ಗೋಡೆಯನ್ನು ಆರಬಿಡಬೇಕು. ತಿಂಗಳು ಎರಡು ತಿಂಗಳಾದರೂ ಅವಸರಪಡಬಾರದು. ಆ ಮೇಲೆ ಬೆರಳ ಗೆಣ್ಣಿನಿಂದ ಸಾರಣೆಯನ್ನು ಅಂಗೈಯಷ್ಟು ಅಗಲಕ್ಕೆ ಒಂದೊಂದಾಗಿ ತಟ್ಟುತ್ತಾ ಹೋಗಬೇಕು. ಗೋಡೆಗೆ ಅಂಟಿದ ಸಾರಣೆಯು ಮಂದವಾಗಿಯೂ ಬಿಟ್ಟುಕೊಂಡದ್ದು ಒಡೆದ ಮಡಕೆಯ ಹಾಗೆ ಟೊಳ್ಳಾಗಿಯೂ ಸದ್ದು ಮಾಡುವದು. ಟೊಳ್ಳಾದದ್ದರ ಸುತ್ತ ಸೀಮೆಸುಣ್ಣದಿಂದ ಗೆರೆಯೆಳೆದು, ಆ ಗೆರೆಯೊಳಗಿನದನ್ನೆಲ್ಲಾ ಉಳಿಯಿಂದ ತೆಗೆಯಬೇಕು. ಕಣ್ಣಿಗೆ ಚೆನ್ನಾಗಿ ಕಾಣುತ್ತದೆಂದು ಟೊಳ್ಳನ್ನು ಉಳಿಸಬಾರದು. ಅಂಚನ್ನು ಒಳಗೆ ಅಗಲವಾಗಿಯೂ ಹೊರಗೆ ಕಿರಿದಾಗಿಯೂ ಕಡಿದರೆ ಹೊಸ ಗಾರೆಯು ಸಿಕ್ಕಿಕೊಂಡು ನಿಲ್ಲುವದು. ಕಲ್ಲುಗಳ ಸಂದನ್ನು ಅರ್ಧ ಅಂಗುಲ ಕೆರೆದು, ಕುಂಚದಿಂದ ಧೂಳನ್ನು ಗುಡಿಸಿ, ಹಿಂದಿನ ದಿನವೂ ಆ ದಿನವೂ ಗೋಡೆಗೆ ನೀರನ್ನು ಚಿಮುಕಿಸತಕ್ಕದ್ದು. ಮುರಕಲ್ಲಿಗೆ ಇದನ್ನು ಮರೆತರೆ ಅದು ಗಾರೆಯ ನೀರನ್ನು ಒಂದೇ ಗುಟುಕಿಗೆ ಕುಡಿದುಬಿಡುವದು, ಗಾರೆಯು ಹುಡಿಯಾಗುವದು.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಯಿಗೆ ಸಾಮಾನ್ಯ ಅಳತೆ. ಸುಣ್ಣವನ್ನು ಅರಳಿಸಿ ನೀರಿನ ಅಡಿಯಲ್ಲಿ ಮುಳುಗಿಸಿಟ್ಟಷ್ಟು ದಿವಸವೂ ಅದು ಬೆಣ್ಣೆಯಂತಾಗುತ್ತಾ ಹೋಗುವದು. ಸರಿಯಾಗಿ ಅರಳದ ಹರಳು ಉಳಿದರೆ ಗೋಡೆಯ ಮೇಲೆ ಮುಂದೆ ಅರಳಿ ಗುಳ್ಳೆಯೆಬ್ಬಿಸುವದು. ಹೊಳೆಯ ಹೊಯಿಗೆಯಾದರೆ ಕೆಸರು ಹೋಗುವಂತೆ ತೊಳೆಯಬೇಕು. ಕಡಲ ಹೊಯಿಗೆಯಲ್ಲಿ ಉಪ್ಪಿರುವದರಿಂದ ಅದು ಬೇಡವೇ ಬೇಡ. ಗಾರೆಯನ್ನು ಕರಣೆಯಿಂದ ಮೆತ್ತುವದಲ್ಲ, ಬಲವಾಗಿ ಎಸೆಯಬೇಕು. ಒಂದು ಪದರವು ಅರ್ಧ ಅಂಗುಲಕ್ಕಿಂತ ದಪ್ಪವಾಗಿರಬಾರದು. ಮೊದಲನೆಯದು ಬಿಗಿದ ಮೇಲೆ ಅದರ ಮೈಯನ್ನು ಕೆರೆದು ಒರಟು ಮಾಡಿ ಎರಡನೆಯದನ್ನು ಹಾಕಬೇಕು. ಬಿಸಿಲಿಗೆ ಗೋಣಿಯನ್ನು ಅಡ್ಡ ಕಟ್ಟಿ ಕೆಲವು ದಿವಸ ಹದವಾಗಿ ನೀರು ಚಿಮುಕಿಸಬೇಕು. ಸುಣ್ಣವು ಕಣ್ಣಿಗೆ ಬಿದ್ದರೆ ಆ ಕ್ಷಣವೇ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗತಕ್ಕದ್ದು. ಮಕ್ಕಳನ್ನು ಸುಣ್ಣದ ತೊಟ್ಟಿಯ ಹತ್ತಿರ ಬಿಡಕೂಡದು. ಮಣ್ಣಿನ ಸಾರಣೆಯಿರುವ ಬಡ ಮನೆಗಳಿಗೆ ಇಷ್ಟು ಸಹ ಬೇಡ. ಕೆಮ್ಮಣ್ಣು, ಹೊಯಿಗೆ, ಚಿಕ್ಕದಾಗಿ ಕಡಿದ ಬೈಹುಲ್ಲು ಇವುಗಳನ್ನು ಕಲಸಿ ಕೆಲವು ದಿವಸ ಕೊಳೆಯಿಸಿ ಮೆತ್ತಿದರೆ ಸಾಕು. ಖರ್ಚು ಮೈಬೆವರು ಮಾತ್ರ.

ಬಿರುಕಿನ ವಿಷಯದಲ್ಲಿ ಒಂದು ಮಾತು. ಕೂದಲಿನಷ್ಟು ತೆಳ್ಳಗಿನ ಬಿರುಕುಗಳಿಗೆ ಭಯಪಡಬೇಕಾದದ್ದಿಲ್ಲ. ಆದರೆ ೨೦೨೨ರ ಜೂನ್ ತಿಂಗಳ ಕಡೆಯ ವಾರದಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ ಭೂಮಿಯು ಹಲವು ಸಾರಿ ನಡುಗಿದಾಗ ಸಂಪಾಜೆ, ಅರಂತೋಡು ಕಡೆಯ ಜನರು ಮನೆಯಿಂದ ಹೊರಗೆ ಓಡಿ ಬಂದದ್ದನ್ನು ನಾವು ಮರೆತಿಲ್ಲ. ಅಂಥಾ ಬಿರುಕು ಹಳೆಯದೋ ಹೊಸದೋ, ನಿಂತಿದೆಯೋ ಬೆಳೆಯುತ್ತದೋ ಎಂದು ತಿಳಿಯುವದಕ್ಕೆ ಅದರ ಎರಡು ತುದಿಗಳಲ್ಲಿಯೂ ಪೆನ್ಸಿಲಿನಿಂದ ಗೀಟು ಹಾಕಿ ಪಕ್ಕದಲ್ಲಿ ತಾರೀಕನ್ನು ಬರೆದಿಡಬೇಕು. ಗೀಟನ್ನು ದಾಟಿ ಮುಂದೆ ಹೋದರೆ, ಅಥವಾ ಬಿರುಕು ಮೆಟ್ಟಲುಮೆಟ್ಟಲಾಗಿ ಓರೆಯಾಗಿ ಹೋಗಿ ಒಂದು ರೂಪಾಯಿ ನಾಣ್ಯವು ಹೊಗುವಷ್ಟು ಅಗಲವಾದರೆ, ಅದು ಸಾರಣೆಯ ಕೆಲಸವಲ್ಲ, ಇಂಜಿನಿಯರರ ಕೆಲಸ.

ಇನ್ನು ಮೇಲ್ಭಾಗ. ೧೮೬೫ರಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ನಮ್ಮ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನವಾದವು. ಹಂಚಿನ ಅಡಿಯಲ್ಲಿ ಅನುಕೂಲವಿದ್ದವರು ಮರದ ಮುಚ್ಚಿಗೆಯನ್ನು ಹಾಕಿಸಿದರು. ಮುಚ್ಚಿಗೆಗೆ ಗೆದ್ದಲೇ ಶತ್ರು. ಸಾರಣೆ ಉದುರುವ ಕಷ್ಟವು ತಾರಸಿ ಮನೆಗಳೊಂದಿಗೆ ಬಂತು. ಇದನ್ನು ಹಗುರವಾಗಿ ಎಣಿಸಬಾರದು. ನಮ್ಮ ನೆರೆಯ ಒಂದು ಮನೆಯಲ್ಲಿ ನಡುರಾತ್ರಿ ಮೊರದಷ್ಟು ಅಗಲದ ಸಾರಣೆಯ ತುಂಡು ಮಗುವಿನ ಹಾಸಿಗೆಯ ಮೇಲೆ ಬಿತ್ತು. ಮಗುವು ಆ ರಾತ್ರಿ ಅಜ್ಜಿಯ ಹತ್ತಿರ ಮಲಗಿತ್ತು.

ಅದು ಬೀಳುವದು ಯಾಕಂದರೆ, ತಾರಸಿಯ ಅಡಿಮೈಯು ಹಲಗೆಯ ಅಚ್ಚಿನಿಂದ ನುಣುಪಾಗಿರುವದು. ಅದನ್ನು ಕೊಚ್ಚಿ ಒರಟುಮಾಡದೆ ಮೇಲೆ ಸಾರಣೆ ಹಾಕಿದರೆ ಹಿಡಿತವಿಲ್ಲ. ಮೇಲ್ಭಾಗದ ಸಾರಣೆಗೆ ೬ ಮಿಲ್ಲಿಮೀಟರು ದಪ್ಪವು ಸಾಕಾಗಿರಲು ಡೊಂಕನ್ನು ಮುಚ್ಚುವದಕ್ಕಾಗಿ ಒಂದು ಅಂಗುಲದ ವರೆಗೆ ಮೆತ್ತುವವರುಂಟು. ಇದಕ್ಕಿಂತಲೂ ಕೆಟ್ಟದ್ದು ಕಬ್ಬಿಣದ ತುಕ್ಕು. ಮೇಲಿನಿಂದ ನೀರು ಇಳಿದು ಸಲಾಕೆಗೆ ಮುಟ್ಟಿದರೆ ಅದು ತುಕ್ಕು ಹಿಡಿಯುವದು. ತುಕ್ಕು ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಸ್ಥಳವನ್ನು ತಕ್ಕೊಳ್ಳುವದರಿಂದ ಕಾಂಕ್ರೀಟನ್ನು ಒಳಗಿನಿಂದ ಒಡೆಯುವದು. ಸಲಾಕೆಯ ಉದ್ದಕ್ಕೆ ಸರಿಯಾಗಿ ಕಂದುಬಣ್ಣದ ಗೆರೆ ಕಂಡರೆ ಒಳಗೆ ಈ ಕೆಲಸವು ನಡೆಯುತ್ತದೆಂದು ತಿಳಿಯಬೇಕು.

ಅಂಥಾ ಕೋಣೆಯಲ್ಲಿ ಮೊದಲು ಮಾಡತಕ್ಕದ್ದು ಹಾಸಿಗೆಯನ್ನು ಅಲ್ಲಿಂದ ತೆಗೆಯುವದು. ಆ ಮೇಲೆ ವಿದ್ಯುತ್ತಿನ ಮೈನನ್ನು ಆರಿಸಿ, ಕಣ್ಣಿಗೆ ಕನ್ನಡಕವನ್ನೂ ಬಾಯಿಗೆ ಬಟ್ಟೆಯನ್ನೂ ಕಟ್ಟಿ, ಪಕ್ಕಕ್ಕೆ ನಿಂತು ಉದ್ದ ಕೋಲಿನಿಂದ ತಟ್ಟಿ ಟೊಳ್ಳಾದದ್ದನ್ನು ಬೀಳಿಸಬೇಕು. ಒಬ್ಬರೇ ಏಣಿ ಹತ್ತಬಾರದು. ತುಕ್ಕು ಹಿಡಿದ ಸಲಾಕೆಯ ಮೇಲೆಯೇ ಸಾರಣೆ ಹಾಕುವದು ಕೀವಿನ ಮೇಲೆ ಪಟ್ಟಿ ಕಟ್ಟಿದಂತೆ. ಸಲಾಕೆಯ ಹಿಂಬದಿಯ ವರೆಗೂ ಕಾಂಕ್ರೀಟನ್ನು ತೆಗೆದು, ಲೋಹದ ಕುಂಚದಿಂದ ಕಬ್ಬಿಣವು ಹೊಳೆಯುವ ತನಕ ಉಜ್ಜಿ, ತುಕ್ಕು ತಡೆಯುವ ಲೇಪವನ್ನು ಹಚ್ಚಿದ ಮೇಲೆ ಮುಚ್ಚಬೇಕು. ಸಲಾಕೆಯು ಸವೆದು ತೆಳ್ಳಗಾಗಿದ್ದರೆ ಮೇಸ್ತ್ರಿಯೊಬ್ಬರ ಮಾತನ್ನೇ ನಂಬಿ ಕೂತುಕೊಳ್ಳದೆ ಇಂಜಿನಿಯರರಿಗೆ ತೋರಿಸಬೇಕು. ನೀರನ್ನು ಮೇಲಿನಿಂದ ತಡೆಯುವದಕ್ಕೆ ನಮ್ಮ ಕಡೆಯ ಜನರು ತಾರಸಿಯ ಮೇಲೆ ತಗಡಿನ ಮಾಡನ್ನು ಎಬ್ಬಿಸಿ ಅದರ ಅಡಿಯಲ್ಲಿ ಅಡಿಕೆಯನ್ನು ಒಣಗಿಸುತ್ತಾರೆ. ನೋಟಕ್ಕೆ ಅಷ್ಟು ಚಂದವಿಲ್ಲ. ಆದರೆ ನಾವು ನೋಡಿದ ಉಪಾಯಗಳಲ್ಲಿ ಅದಕ್ಕಿಂತ ಒಳ್ಳೇದಿಲ್ಲ.

ಸುಣ್ಣದ ಕೆಲಸಕ್ಕೆ ದಶಂಬರದಿಂದ ಫೆಬ್ರವರಿಯ ವರೆಗಿನ ಕಾಲವು ಉತ್ತಮ. ಪತ್ತನಾಜೆ ಹತ್ತಿರವಾದಾಗ ಮೇಸ್ತ್ರಿಯನ್ನು ಹುಡುಕುವವರಿಗೆ ಮೇಸ್ತ್ರಿಯೂ ಸಿಕ್ಕುವದಿಲ್ಲ, ಸುಣ್ಣಕ್ಕೆ ಕಲ್ಲಾಗುವದಕ್ಕೆ ಸಮಯವೂ ಸಿಕ್ಕುವದಿಲ್ಲ. ಹೊಸ ತೇಪೆಗೆ ಒಂದು ಮಳೆಗಾಲ ಕಳೆಯುವ ತನಕ ಎಣ್ಣೆಬಣ್ಣವನ್ನೂ ಪುಟ್ಟಿಯನ್ನೂ ಹಚ್ಚದೆ ಬರೇ ಸುಣ್ಣವನ್ನು ಬಳಿದು ಬಿಡಬೇಕು. ನಮ್ಮ ಚಾವಡಿಯ ಆ ಮೂಲೆಯು ಇನ್ನೂ ಉಳಿದ ಗೋಡೆಗಿಂತ ಸ್ವಲ್ಪ ಬೇರೆ ಬಣ್ಣವಾಗಿಯೇ ತೋರುತ್ತದೆ. ಕ್ಯಾಲೆಂಡರನ್ನು ಬೇರೆ ಗೋಡೆಗೆ ತೂಗಹಾಕಿದ್ದೇವೆ.