ಹೊಸ್ತಿಲಿನ ಕಾವಲು



ಉಗಾದಿಯ ಬೆಳಿಗ್ಗೆ ನಮ್ಮ ಆದವಾನಿಯ ಯಾವ ಓಣಿಯಲ್ಲಿ ನಡೆದರೂ ಬಾಗಿಲುಗಳೇ ನಮ್ಮನ್ನು ಮಾತನಾಡಿಸುತ್ತವೆ. ಮೇಲೆ ಮಾವಿನ ತೋರಣ, ಕೆಳಗೆ ಅರಿಶಿನ ಬಳಿದು ಕುಂಕುಮವಿಟ್ಟ ಹೊಸ್ತಿಲು. ಹೊಸ ಮನೆಯಾದರೆ ಬೂದುಗುಂಬಳಕಾಯಿ, ಅಂಗಡಿಯಾದರೆ ನಿಂಬೆಹಣ್ಣು ಮೆಣಸಿನಕಾಯಿ. ಮುಸಲ್ಮಾನ ಬಂಧುಗಳ ಬಾಗಿಲಿನ ಮೇಲೆ 786 ಎಂಬ ಅಂಕಿಯನ್ನು ಕಾಣುತ್ತೇವೆ. ಮಕ್ಕಳ ಕೊರಳಿನ ತಾಯಿತದಲ್ಲಿ ಅಕ್ಷರ ಬರೆದ ಚೀಟಿಯನ್ನೋ ತಾಮ್ರದ ತಗಡನ್ನೋ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಮನೆಯೂ ಮಕ್ಕಳೂ ಸುಖವಾಗಿರಲಿ ಎಂಬ ಹಾರೈಕೆ ಎಲ್ಲರದೂ ಒಂದೇ.

ಇಂತಹ ಹಾರೈಕೆ ನಮ್ಮ ಸೀಮೆಯಲ್ಲಿ ಮಾತ್ರ ಇದೆಯೇ? ಇಲ್ಲ. ಯೆಹೂದಿಗಳ ಮನೆಯನ್ನು ಪ್ರವೇಶಿಸುವಾಗ ಬಲಗಡೆಯ ಬಾಗಿಲುಕಂಬವನ್ನು ಗಮನಿಸಿದರೆ ಬೆರಳುದ್ದದ ಒಂದು ಕರಡಿಗೆ ಕಾಣುತ್ತದೆ. ಅದರೊಳಗಿನ ಸುರುಳಿಗೆ 'ಮೆಜೂಜಾ' ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ಬಾಗಿಲುಕಂಬ ಎಂದೇ ಅರ್ಥ. ಹದಮಾಡಿದ ಚರ್ಮದ ಹಾಳೆಯ ಮೇಲೆ, ಇದಕ್ಕಾಗಿಯೇ ಕಲಿತ ಲಿಪಿಕಾರರು ಶಾಸ್ತ್ರದ ಎರಡು ಭಾಗಗಳನ್ನು ಕೈಯಿಂದ ಬರೆಯುತ್ತಾರೆ. ದೇವರು ಒಬ್ಬನೇ, ಅವನನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಬೇಕು, ಈ ಮಾತನ್ನು ಮಕ್ಕಳಿಗೆ ಕಲಿಸಬೇಕು ಎಂಬುದು ಅದರ ಸಾರ. ಒಟ್ಟು 22 ಸಾಲುಗಳು, 713 ಅಕ್ಷರಗಳು. ಒಂದೇ ಅಕ್ಷರ ತಪ್ಪಿದರೂ ಸುರುಳಿ ಕೆಲಸಕ್ಕೆ ಬಾರದು. ಆದ್ದರಿಂದಲೇ ಏಳು ವರ್ಷಗಳಲ್ಲಿ ಎರಡು ಬಾರಿ ಅದನ್ನು ಬಿಚ್ಚಿ ಪರೀಕ್ಷಿಸಬೇಕೆಂಬ ನಿಯಮವಿದೆ.

ಇದು ರಕ್ಷೆಯೋ, ನೆನಪಿನ ಗುರುತೋ? ಈ ಪ್ರಶ್ನೆ ಹಳೆಯದು. 12ನೆಯ ಶತಮಾನದ ಯೆಹೂದಿ ಪಂಡಿತ ಮೈಮೋನಿಡೀಸನು, ಸುರುಳಿಯೊಳಗೆ ದೇವದೂತರ ಹೆಸರುಗಳನ್ನು ಸೇರಿಸಿ ಅದನ್ನು ತಾಯಿತದಂತೆ ಮಾಡಿಕೊಂಡವರನ್ನು ಖಂಡಿಸಿದನು. ಹೋಗುವಾಗ ಬರುವಾಗ ಅದನ್ನು ಕಂಡು ಮನುಷ್ಯನು ಸರಿದಾರಿಯನ್ನು ನೆನೆಯಬೇಕು ಎಂಬುದು ಅವನ ಅಭಿಪ್ರಾಯ. ಆದರೂ ಮನೆಯನ್ನು ಅದು ಕಾಯುತ್ತದೆಂಬ ನಂಬಿಕೆ ಜನರಲ್ಲಿ ಉಳಿದೇ ಇದೆ.

ಇಂತಹ ವಸ್ತುಗಳು ಈಗ ಅನೇಕ ವಸ್ತುಸಂಗ್ರಹಾಲಯಗಳಲ್ಲಿವೆ. ನಮ್ಮ ದೇಶದ ವಸ್ತುವೊಂದನ್ನೂ ಇಲ್ಲಿ ನೆನೆಯಬಹುದು. ಉತ್ತರ ಭಾರತದಲ್ಲೋ ದಖ್ಖನಿನಲ್ಲೋ ಸುಮಾರು 500 ವರ್ಷಗಳ ಹಿಂದೆ ತಯಾರಾದ ಒಂದು ಹತ್ತಿಯ ಅಂಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ತೊಟ್ಟವನಿಗೆ ರಕ್ಷೆಯಾಗಲೆಂದು ಅದರ ಮೇಲೆ ಕುರಾನನ್ನು ಬರೆದಿದ್ದಾರೆ.

ಆದರೆ ವಸ್ತು ಉಳಿದರೆ ಸಾಕೇ? ಚೆಕ್ ದೇಶದ ಪ್ರಾಗ್ ನಗರದ ಯೆಹೂದಿ ವಸ್ತುಸಂಗ್ರಹಾಲಯದ ಕಥೆಯನ್ನು ಕೇಳಿರಿ. ಇದು 1906ರಲ್ಲಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಆ ಸೀಮೆಯ ಯೆಹೂದಿಗಳನ್ನು ಊರೂರಿನಿಂದ ಹಿಡಿದು ಸಾಗಿಸಿದರು. ಬರಿದಾದ ಊರುಗಳ ಪೂಜಾಸಾಮಗ್ರಿಗಳೆಲ್ಲ 1942ರಿಂದ ಪ್ರಾಗಿಗೆ ಬಂದು ರಾಶಿಯಾದವು. ಅಲ್ಲಿ ಕೆಲಸಕ್ಕಿದ್ದ ಯೆಹೂದಿ ವಿದ್ವಾಂಸರು ವಸ್ತುಗಳನ್ನು ಪರಿಶೀಲಿಸಿ, ಇದೇನು, ಯಾವ ಊರಿನದು ಎಂದು ಚೀಟಿಗಳಲ್ಲಿ ಬರೆದಿಟ್ಟರು. ಕಡೆಗೆ ಅವರಲ್ಲಿ ಅನೇಕರನ್ನೂ ಸೆರೆಶಿಬಿರಗಳಿಗೆ ಸಾಗಿಸಿ ಕೊಂದರು. ಬರೆದವರು ಹೋದರು, ಅವರ ಬರಹ ಉಳಿಯಿತು. ಆ ಬರಹದಿಂದಲೇ ಇಂದು ಅಲ್ಲಿನ ವಸ್ತುಗಳಿಗೆ ಊರಿದೆ, ಹೆಸರಿದೆ. ಪೋಲೆಂಡಿನ ಕೆಲವು ಹಳೆಯ ಬಾಗಿಲುಕಂಬಗಳಲ್ಲಿ ಮೆಜೂಜಾ ಇದ್ದ ಕುಳಿ ಮಾತ್ರ ಉಳಿದಿದೆ. ಆ ಬಾಗಿಲಿನಿಂದ ಒಳಹೊಕ್ಕವರು ಯಾರೆಂದು ಕುಳಿ ಹೇಳಲಾರದು.

ನಮ್ಮ ಊರುಗಳಲ್ಲಿ ಅಂತಹ ಘೋರ ನಡೆದಿಲ್ಲ. ಆದರೆ ಹಳೆಯ ಮನೆಯನ್ನು ಕೆಡವಿದಾಗ ಬಾಗಿಲುವಾಡವೂ ಹೋಗುತ್ತದೆ, ಅಜ್ಜಿ ತೀರಿಕೊಂಡಾಗ ಅದರ ಕಥೆಯೂ ಹೋಗುತ್ತದೆ. ನಂಬುವುದು ಬಿಡುವುದು ಅವರವರ ಇಚ್ಛೆ. ತಿಳಿದುಕೊಳ್ಳುವುದು ಮಾತ್ರ ಎಲ್ಲರ ಕರ್ತವ್ಯ. ಆದುದರಿಂದ ಈ ರಜೆಯಲ್ಲಿ ಕೆಳಗಿನ ಕೆಲಸವನ್ನು ಮಾಡೋಣ. ತಂದೆತಾಯಿಗಳೂ ಮಕ್ಕಳಿಗೆ ನೆರವಾಗಬೇಕೆಂದು ಕೋರುತ್ತೇವೆ.

1. ನಿಮ್ಮ ತಲೆಬಾಗಿಲಿನ ಚಿತ್ರ ಬರೆದು, ಅದರ ಮೇಲಿರುವ ಗುರುತುಗಳನ್ನು ತೋರಿಸಿರಿ.
2. ಅವನ್ನು ಯಾರು, ಯಾವಾಗ, ಏಕೆ ಇಟ್ಟರೆಂದು ಮನೆಯ ಹಿರಿಯರನ್ನು ಕೇಳಿ, ಅವರ ಮಾತಿನಲ್ಲೇ ಬರೆಯಿರಿ.
3. ಬೇರೆ ಮತದ ಗೆಳೆಯನ ಮನೆಯ ಬಾಗಿಲನ್ನು, ಅವರ ಅನುಮತಿ ಪಡೆದು, ಹಾಗೆಯೇ ನೋಡಿ ಬರೆಯಿರಿ. ಎರಡರಲ್ಲೂ ಸಮಾನವಾದುದೇನು?