ಖಾನೇಸುಮಾರಿ ಮತ್ತು ನಮ್ಮ ಪಾಲು

ಖಾನೇಸುಮಾರಿಯೆಂದರೆ ತಲೆ ಎಣಿಸುವ ಕೆಲಸವೆಂದಷ್ಟೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ಎಣಿಸಿದ ಸಂಖ್ಯೆಯಿಂದ ಮುಂದೆ ಏನಾಗುತ್ತದೆಂಬುದನ್ನು, ಬೆಂಗೇರಿಯವನಾದ ನಾನು ನಮ್ಮೂರಿನ ಉದಾಹರಣೆಯಿಂದಲೇ ವಾಚಕರ ಮುಂದಿಡಬಯಸುತ್ತೇನೆ.

2011ರ ಜನಗಣತಿಯಂತೆ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9 ಲಕ್ಷ 43 ಸಾವಿರ. 2021ರ ಮಹಾನಗರಪಾಲಿಕೆಯ ಚುನಾವಣೆಗೆ ವಾರ್ಡುಗಳು 67ರಿಂದ 82ಕ್ಕೇರಿದವು; ಅಂದರೆ ವಾರ್ಡಿಗೆ ಸರಾಸರಿ ಹನ್ನೊಂದೂವರೆ ಸಾವಿರ ಜನ. ಪರಿಶಿಷ್ಟ ಜಾತಿ-ಪಂಗಡಗಳಿಗೆ ಎಷ್ಟು ವಾರ್ಡು ಮೀಸಲೆಂಬುದೂ ಅವರ ಜನಸಂಖ್ಯೆಯ ಪ್ರಮಾಣದ ಮೇಲೆಯೇ ನಿಲ್ಲುವದು. ಮತ ಹಾಕಿದವರು 2021ರ ಜನ. ಅಳೆದ ಕೋಲು ಮಾತ್ರ ಹತ್ತು ವರುಷ ಹಳೆಯದು.

ಲೋಕಸಭೆಯ ಕೋಲು ಇನ್ನೂ ಹಳೆಯದು. 2001ರ ಎಣಿಕೆಯನ್ನು ಹಿಡಿದು 2008ರಲ್ಲಿ ಕ್ಷೇತ್ರಗಳ ಗಡಿ ತಿದ್ದಿದರು. ಧಾರವಾಡ ಉತ್ತರ, ಧಾರವಾಡ ದಕ್ಷಿಣಗಳು ಹೋಗಿ ಧಾರವಾಡ, ಹಾವೇರಿಗಳು ಬಂದವು. ಆದರೆ ಕರ್ನಾಟಕಕ್ಕೆ 28 ಸ್ಥಾನವೆಂಬುದು 1971ರ ಲೆಕ್ಕ. ಆಗ ನಾಡಿನ ಜನ 2 ಕೋಟಿ 93 ಲಕ್ಷ, ಒಬ್ಬ ಸದಸ್ಯನಿಗೆ ಹತ್ತೂವರೆ ಲಕ್ಷ. 2011ರಲ್ಲಿ 6 ಕೋಟಿ 11 ಲಕ್ಷ, ಸದಸ್ಯನಿಗೆ ಸುಮಾರು 22 ಲಕ್ಷ. ಸಂವಿಧಾನದ 42ನೆಯ ತಿದ್ದುಪಡಿಯು 1976ರಲ್ಲಿ ಈ ಹಂಚಿಕೆಯನ್ನು ತಡೆಹಿಡಿಯಿತು. 84ನೆಯದು ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯ ವರೆಗೆ ಮುಂದುವರಿಸಿತು. ಕುಟುಂಬ ಯೋಜನೆಯನ್ನು ಪಾಲಿಸಿದ ರಾಜ್ಯವು ಅದೇ ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬಾರದೆಂಬುದು ಉದ್ದೇಶ. ನನಗಿದು ನ್ಯಾಯವೆಂದೇ ತೋರುತ್ತದೆ. ಆದರೆ ಉತ್ತರಪ್ರದೇಶದ ಮತದಾರನು ತನ್ನ ಮತದ ತೂಕ ಇಳಿಯಿತೆಂದು ಕೇಳಿದರೆ ಸುಲಭವಾದ ಉತ್ತರ ನಮ್ಮಲ್ಲಿಲ್ಲ.

ಅನ್ನದ ವಿಷಯದಲ್ಲಿ ಮಾತ್ರ ಹಳೆಯ ಲೆಕ್ಕಕ್ಕೆ ಇಂಥ ಸಮರ್ಥನೆಯೂ ಇಲ್ಲ. 2013ರ ಆಹಾರ ಭದ್ರತಾ ಕಾಯದೆಯು ದೇಶದ ಹಳ್ಳಿಗರಲ್ಲಿ ನೂರಕ್ಕೆ 75, ಪಟ್ಟಣಿಗರಲ್ಲಿ ನೂರಕ್ಕೆ 50ರ ವರೆಗೆ ರೇಶನ್ ಧಾನ್ಯವೆಂದಿತು. ರಾಜ್ಯಗಳ ಪಾಲನ್ನು 2011ರ ಎಣಿಕೆಯಿಂದ ಗೊತ್ತುಪಡಿಸಿದರು. 2021ರ ಗಣತಿಯು ಕೋವಿಡ್ ನಿಮಿತ್ತ ಮುಂದೆ ಹೋಯಿತು. 2025ರ ಅಧಿಸೂಚನೆಯು 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಮಾಡಿತು. ನನ್ನ ತಂಗಿ 2013ರಲ್ಲಿ ಹುಟ್ಟಿದವಳು. ಅವಳೂ ಅವಳ ಓಣಿಯ ಗೆಳತಿಯರೂ ಶಾಲೆಗೆ ಹೋಗಿ ಬರುತ್ತಿದ್ದರೂ 2011ರ ಪಟ್ಟಿಯ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ!

ಎಣಿಕೆಯ ದಿನ ನಾವು ಕೊಡುವ ಉತ್ತರದ ಬಗೆಗೂ ಒಂದು ಮಾತು. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುವದು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಗಣತಿಯಲ್ಲಿ ವರುಷಕ್ಕೆ ಆರು ತಿಂಗಳು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ಮನೆಯಲ್ಲಿಯೇ ಕುಳಿತು ಹೊಲಿಗೆ ಹಾಕುವ, ನೂಲುವ ಹೆಂಗಸಿನ ಉದ್ಯೋಗವನ್ನು ಕೇಳಿದಾಗ ಮನೆಯ ಗಂಡಸು, “ಏನಿಲ್ರೀ, ಮನ್ಯಾಗ ಇರ್ತಾಳ” ಎಂದುಬಿಟ್ಟರೆ, ಅವಳು ಇವೆರಡರಲ್ಲಿಯೂ ಸೇರದೆ ಕೆಲಸವಿಲ್ಲದವರ ಸಾಲಿಗೆ ಹೋಗುತ್ತಾಳೆ.